ಮನೆಗಣಕವೂ ಮನೆಯಾಟಗಳೂ

ಗಣಕಯಂತ್ರದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಎರಡು ಹೆದ್ದಾರಿಗಳನ್ನು ಹಿಡಿಯುತ್ತಾರೆ. ಒಂದು ಮಹಾಯುದ್ಧದ ಕಾಲದ ದೈತ್ಯಯಂತ್ರಗಳಿಂದ ಹೊರಟು ಬ್ಯಾಂಕು ಕಚೇರಿಗಳ ಲೆಕ್ಕಪತ್ರಗಳಿಗೆ ಬಂದು ಮುಟ್ಟುವ ದಾರಿ. ಇನ್ನೊಂದು ಇಂದು ಎಲ್ಲರ ಅಂಗೈಯಲ್ಲಿರುವ ಫೋನಿನ ದಾರಿ. ಇವೆರಡರ ನಡುವೆ ಸುಮಾರು ಹತ್ತು ವರ್ಷಗಳ ಉದ್ದದ ಒಂದು ಓಣಿಯಿದೆ. ಗಣಕವು ಮೊದಲ ಬಾರಿಗೆ ಗೃಹಸ್ಥರ ಮನೆಯೊಳಗೆ ಕಾಲಿರಿಸಿದ್ದು ಆ ಓಣಿಯಲ್ಲಿ. ಅದನ್ನು ಒಳಕ್ಕೆ ಕರೆದುಕೊಂಡವರು ಬಹುಮಟ್ಟಿಗೆ ಆಟವಾಡುವ ಹುಡುಗರು. ಈ ಹೊತ್ತು ನಾನು ಹೇಳಹೊರಟಿರುವುದು ಅಂಥ ಒಂದು ಮನೆಗಣಕದ ಮತ್ತು ಅದರ ಆಟಗಳ ವಿಚಾರವನ್ನು. ಅದರೊಡನೆ, ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ನಾನು ಕಂಡ ಹಳೆಯ ಆಟಗಳನ್ನು ಆ ಯಂತ್ರ ಒಮ್ಮೆ ತಾಗಿಕೊಂಡು ಹೋದ ಬಗೆಯನ್ನು. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯವೇಕೆ ಎಂದು ಕೇಳುವವರುಂಟು. ಛಂದಸ್ಸನ್ನು ಮೂವತ್ತು ವರ್ಷ ಕಲಿಸಿದವನಿಗೆ ಇದು ಹೊರಗಿನ ವಿಷಯವಾಗಿ ತೋರಲಿಲ್ಲವೆಂದಷ್ಟೇ ಸದ್ಯಕ್ಕೆ ಉತ್ತರಿಸುತ್ತೇನೆ.

ಆ ಗಣಕದ ಹೆಸರು ಝಡ್‌ಎಕ್ಸ್ ಸ್ಪೆಕ್ಟ್ರಮ್. ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದ ಸಿಂಕ್ಲೇರ್ ರಿಸರ್ಚ್ ಎಂಬ ಸಂಸ್ಥೆ ಇದನ್ನು 1982ರ ಏಪ್ರಿಲ್ 23ರಂದು ಹೊರತಂದಿತು. ಷೇಕ್ಸ್‌ಪಿಯರನ ಜನ್ಮದಿನವೆಂದು ಆಚರಿಸುವ ದಿನವೂ ಅದೇ. ಕಾಕತಾಳೀಯವೇ ಇರಬೇಕು, ಆದರೂ ಸಾಹಿತ್ಯದ ವಿದ್ಯಾರ್ಥಿಗೆ ಹೇಳದೆ ಬಿಡಲು ಮನಸ್ಸು ಬಾರದು. ಸಂಸ್ಥೆಯ ಒಡೆಯ ಕ್ಲೈವ್ ಸಿಂಕ್ಲೇರ್. ಯಂತ್ರದ ಒಳಗಿನ ವಿದ್ಯುತ್ ವ್ಯವಸ್ಥೆಯನ್ನು ರೂಪಿಸಿದವನು ರಿಚರ್ಡ್ ಆಲ್ಟ್‌ವಾಸರ್, ಅದಕ್ಕೆ ಬೇಸಿಕ್ ಎಂಬ ಭಾಷೆಯನ್ನು ಕೂಡಿಸಿದವನು ಸ್ಟೀವ್ ವಿಕರ್ಸ್, ಹೊರಕವಚಕ್ಕೆ ರೂಪ ಕೊಟ್ಟವನು ರಿಕ್ ಡಿಕಿನ್ಸನ್. ಎಳೆಯರ ಪಾಟಿಗಿಂತ ದೊಡ್ಡದೇನೂ ಅಲ್ಲದ ಕಪ್ಪು ಪೆಟ್ಟಿಗೆ. ಅದರ ಮೇಲೆ ಅಳಿಸುವ ರಬ್ಬರಿನಂಥ ನಲವತ್ತು ಬೂದುಬಣ್ಣದ ಕೀಲಿಗಳು. ಮೂಲೆಯಲ್ಲಿ ಕಾಮನಬಿಲ್ಲಿನ ಒಂದು ತುಣುಕು. ಹದಿನಾರು ಕೆ. ಸ್ಮರಣಶಕ್ತಿಯ ಯಂತ್ರಕ್ಕೆ 125 ಪೌಂಡು, ನಲವತ್ತೆಂಟು ಕೆ. ಯಂತ್ರಕ್ಕೆ 175 ಪೌಂಡು. ಅದಕ್ಕೆ ಸ್ವಂತ ಪರದೆಯಿಲ್ಲ, ಮನೆಯ ಟೆಲಿವಿಷನ್ನೇ ಪರದೆ. ಸ್ವಂತ ಉಗ್ರಾಣವಿಲ್ಲ, ಹಾಡು ಕೇಳುವ ಟೇಪ್‌ರೆಕಾರ್ಡರೇ ಉಗ್ರಾಣ. ಇಷ್ಟು ಬಡತನದಲ್ಲಿ ಹುಟ್ಟಿದ ಈ ಯಂತ್ರ 1992ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ 50 ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿತ್ತು.

ನಲವತ್ತೆಂಟು ಕೆ. ಎಂದರೆ ಎಷ್ಟೆಂಬುದನ್ನು ಕೇಳುಗರು ಮನಸ್ಸಿಗೆ ತಂದುಕೊಳ್ಳಬೇಕು. ಒಟ್ಟು 49,152 ಬೈಟುಗಳು. ಅದರಲ್ಲಿ 6,912 ಬೈಟುಗಳನ್ನು ಪರದೆಯ ಚಿತ್ರವೇ ನುಂಗಿಬಿಡುತ್ತದೆ. ಇಂದು ಕನ್ನಡವನ್ನು ಗಣಕದಲ್ಲಿ ಶೇಖರಿಸುವಾಗ ರೂಢಿಯಲ್ಲಿರುವ ಯೂನಿಕೋಡ್ ಕ್ರಮದಲ್ಲಿ ನಮ್ಮ ಒಂದು ವ್ಯಂಜನಕ್ಕೆ ಮೂರು ಬೈಟುಗಳು ಬೇಕು, ಅದಕ್ಕೆ ಹಚ್ಚುವ ಸ್ವರಚಿಹ್ನೆಗೆ ಬೇರೆ ಮೂರು. ಹಾಗೆ ನೋಡಿದರೆ ನಾನು ಓದುತ್ತಿರುವ ಈ ಭಾಷಣದ ಬರಹವೊಂದೇ ಆ ಯಂತ್ರದ ತಲೆಯನ್ನು ಹೆಚ್ಚುಕಡಮೆ ತುಂಬಿಬಿಡುತ್ತದೆ. ಬೇರೆ ಯಾವುದಕ್ಕೂ ಎಡೆಯಿರುವುದಿಲ್ಲ. ಇಷ್ಟು ಜಾಗದೊಳಗೆ ಆಗಿನ ಹುಡುಗರು ಅರಮನೆಗಳನ್ನು ಕಟ್ಟಿದರು, ಗುಹೆಗಳನ್ನು ಕೊರೆದರು, ಆಕಾಶಗಂಗೆಗಳನ್ನು ಹರಡಿದರು. ಕಂದಪದ್ಯದ ನಾಲ್ಕು ಪಾದಗಳಲ್ಲಿ ಒಂದು ಕಥಾಸನ್ನಿವೇಶವನ್ನು ಮುಗಿಸುವ ನಮ್ಮ ಹಳೆಯ ಕವಿಗಳ ಕಷ್ಟಸುಖ ಬಲ್ಲವರಿಗೆ ಈ ಸಾಹಸ ಅರ್ಥವಾಗುತ್ತದೆ.

ಆಟವು ಕ್ಯಾಸೆಟ್ಟಿನಲ್ಲಿ ಬರುತ್ತಿತ್ತೆಂದೆ. ಅಂದರೆ ಆ ಆಟ ಮೂಲತಃ ಒಂದು ಧ್ವನಿ. ಕಿವಿಗೆ ಅದು ಕರ್ಕಶವಾದ ಕಿರಚಾಟ. ಗಣಕಕ್ಕೆ ಮಾತ್ರ ಅದರಲ್ಲಿ ಅರ್ಥವಿತ್ತು. ಸುಮಾರು ಐದು ನಿಮಿಷ ಆ ಕಿರಚಾಟವನ್ನು ಕೇಳಿಸಿದರೆ ಆಟ ಸಿದ್ಧ. ಧ್ವನಿಯೆಂದಮೇಲೆ ಅದನ್ನು ಬಾನುಲಿಯಲ್ಲಿಯೂ ಬಿತ್ತರಿಸಬಹುದಷ್ಟೆ? ಹಾಗೆಯೇ ಮಾಡಿದರು. ಹಾಲೆಂಡಿನ ಹವ್ಯಾಸಿಗಳ ಕಾರ್ಯಕ್ರಮವೊಂದು 1980ರ ದಶಕದ ಆರಂಭದಲ್ಲಿ ಗಣಕದ ಕ್ರಮವಿಧಿಗಳನ್ನು ರೇಡಿಯೋದಲ್ಲಿ ಪ್ರಸಾರ ಮಾಡಿತು. ಕೇಳುಗರು ಅದನ್ನು ಟೇಪಿಗಿಳಿಸಿಕೊಂಡು ತಮ್ಮ ಯಂತ್ರಕ್ಕೆ ಉಣಿಸಬೇಕು. ಒಂದೊಂದು ಕಂಪನಿಯ ಗಣಕವೂ ಬೇಸಿಕ್ ಭಾಷೆಯ ಒಂದೊಂದು ಆಡುನುಡಿಯನ್ನು ಆಡುತ್ತಿದ್ದುದರಿಂದ ಎಲ್ಲಕ್ಕೂ ತಿಳಿಯುವ ಒಂದು ಗ್ರಾಂಥಿಕ ಭಾಷೆಯನ್ನೂ ಅವರು ಏರ್ಪಡಿಸಿದರು. ಅದಕ್ಕೆ ಬೇಸಿಕೋಡ್ ಎಂದು ಹೆಸರು. ಯುಗೋಸ್ಲಾವಿಯದ ಬೆಲ್‌ಗ್ರೇಡ್ ರೇಡಿಯೋದಲ್ಲಿ ಜೋರಾನ್ ಮೊದ್ಲಿ ಎಂಬ ನಿರೂಪಕ 1983ರಿಂದ ಇದೇ ಕೆಲಸ ನಡೆಸಿದ. ನಮ್ಮ ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದು ಅದನ್ನು ‘ಆಕಾಶವಾಣಿ’ ಎಂದು ಕರೆದದ್ದನ್ನು ಇಲ್ಲಿ ನೆನೆಯಬೇಕೆನ್ನಿಸುತ್ತದೆ. ಮನೆಯಲ್ಲಿ ಕುಳಿತು ಯಂತ್ರದೊಡನೆ ಸರಸವಾಡುವ ಹವ್ಯಾಸಿಯ ಕುಲ ಒಂದೇ.

ಇನ್ನು ಆಟಗಳು. ಸಾವಿರಾರು ಬಂದವು, ಬಹುಪಾಲು ಕಳಪೆ. ಎಲ್ಲ ಕಾಲದ ಕಾವ್ಯಕ್ಕೂ ಸಲ್ಲುವ ಮಾತು ಇದು. 1983ರ ‘ಮ್ಯಾನಿಕ್ ಮೈನರ್’ ಅಂಥ ರಾಶಿಯಿಂದ ಎದ್ದು ನಿಂತ ಕೃತಿ. ಬರೆದವನು ಮ್ಯಾಥ್ಯೂ ಸ್ಮಿತ್, ಇನ್ನೂ ಹದಿಹರೆಯದವನು. ವಿಲ್ಲಿ ಎಂಬ ಗಣಿಯಾಳು ಇಪ್ಪತ್ತು ಗುಹೆಗಳನ್ನು ದಾಟಬೇಕು. ಪ್ರತಿ ಗುಹೆಯಲ್ಲಿಯೂ ಉಸಿರಾಡುವ ಗಾಳಿ ತೀರುತ್ತ ಹೋಗುತ್ತದೆ. ಒಂದೇ ಒಂದು ಹೆಜ್ಜೆಯ ಅಳತೆ ತಪ್ಪಿದರೆ ಸಾವು. ಮಾತ್ರೆ ತಪ್ಪಿದ ಪದ್ಯಕ್ಕೆ ನಾವು ತೋರಿಸುವಷ್ಟು ಕರುಣೆಯನ್ನೂ ಆ ಗುಹೆಗಳು ತೋರಿಸುತ್ತಿರಲಿಲ್ಲ. ಮರುವರ್ಷ ಅದೇ ವಿಲ್ಲಿಗೆ ದೊಡ್ಡ ಮಹಲು ಕೊಟ್ಟು ‘ಜೆಟ್ ಸೆಟ್ ವಿಲ್ಲಿ’ ಬಂತು. ಅದರಲ್ಲೊಂದು ವಿಚಿತ್ರವಿತ್ತು: ಅಟ್ಟದ ಕೋಣೆಯನ್ನು ಒಮ್ಮೆ ಹೊಕ್ಕರೆ ಮಹಲಿನ ಬೇರೆ ಕೆಲವು ಕೋಣೆಗಳು ಕೆಟ್ಟು ಹೋಗಿ, ಆಟವನ್ನು ಮುಗಿಸುವುದೇ ಅಸಾಧ್ಯವಾಗುತ್ತಿತ್ತು. ಪ್ರಕಾಶಕರು ಮೊದಲು ಇದು ಬೇಕೆಂದೇ ಇಟ್ಟ ಕಠಿನತೆ ಎಂದು ಸಾಧಿಸಿದರು. ಆಮೇಲೆ ತಪ್ಪೋಲೆಯನ್ನು ಪ್ರಕಟಿಸಿದರು. ಮುದ್ರಣದೋಷವನ್ನು ಪಾಠಾಂತರವೆಂದು ವಾದಿಸುವವರನ್ನು ನಮ್ಮ ಕ್ಷೇತ್ರದಲ್ಲಿಯೂ ಕಂಡಿದ್ದೇನೆ.

ಸಾಹಿತ್ಯದ ಓದುಗರಿಗೆ ಹೆಚ್ಚು ಹಿಡಿಸುವ ಆಟ 1982ರ ‘ದಿ ಹಾಬಿಟ್’. ಟೋಲ್ಕಿನ್ನನ ಕಥೆಯನ್ನು ಆಧರಿಸಿ ಆಸ್ಟ್ರೇಲಿಯದ ವೆರೋನಿಕಾ ಮೆಗ್ಲರ್ ಮತ್ತು ಫಿಲಿಪ್ ಮಿಚೆಲ್ ಎಂಬ ಇಬ್ಬರು ತರುಣರು ಇದನ್ನು ರಚಿಸಿದರು. ಇಲ್ಲಿ ಕೈಚುರುಕಿಗೆ ಕೆಲಸವಿಲ್ಲ. ಆಡುವವನು ವಾಕ್ಯಗಳನ್ನು ಬರೆಯಬೇಕು, ಯಂತ್ರ ವಾಕ್ಯಗಳಲ್ಲಿ ಉತ್ತರಿಸಬೇಕು. ಕಥೆಯ ಪಾತ್ರಗಳು ಆಡುವವನಿಗಾಗಿ ಕಾದು ಕುಳಿತಿರುವುದಿಲ್ಲ. ತಮ್ಮ ಪಾಡಿಗೆ ತಾವು ಓಡಾಡುತ್ತವೆ, ಜಗಳವಾಡುತ್ತವೆ, ಸಾಯುತ್ತವೆ. ಥೋರಿನ್ ಎಂಬ ಕುಳ್ಳರ ನಾಯಕ, ಪ್ರಾಣ ಹೋಗುವ ಹೊತ್ತಿನಲ್ಲಿಯೂ ಸುಮ್ಮನೆ ಕುಳಿತು ಚಿನ್ನದ ಮೇಲೆ ಹಾಡು ಹೇಳತೊಡಗುತ್ತಾನೆ. ಅದೇ ಒಂದು ಸಾಲು ಮತ್ತೆ ಮತ್ತೆ ಬಂದು ಒಂದು ತಲೆಮಾರಿನ ಇಂಗ್ಲಿಷ್ ಹುಡುಗರಿಗೆ ನಗೆಮಾತಾಗಿ ಹೋಯಿತು.

ಮತ್ತೊಂದು ಆಟವನ್ನು ಹೇಳದಿರಲಾರೆ. ಅದು 1984ರ ‘ಎಲೀಟ್’. ಡೇವಿಡ್ ಬ್ರೇಬನ್, ಇಯಾನ್ ಬೆಲ್ ಎಂಬ ಇಬ್ಬರು ಕೇಂಬ್ರಿಜ್ ವಿದ್ಯಾರ್ಥಿಗಳದು. ಅದು ಮೊದಲು ಬಂದದ್ದು ಸ್ಪೆಕ್ಟ್ರಮ್ಮಿನ ಪ್ರತಿಸ್ಪರ್ಧಿಯಾದ ಬಿಬಿಸಿ ಮೈಕ್ರೋ ಗಣಕಕ್ಕೆ, ಮರುವರ್ಷ ಸ್ಪೆಕ್ಟ್ರಮ್ಮಿಗೆ. ವ್ಯಾಪಾರಿಯೊಬ್ಬ ತನ್ನ ಹಡಗಿನಲ್ಲಿ ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸುವ ಆಟ. ಎಂಟು ಆಕಾಶಗಂಗೆಗಳು, ಒಂದೊಂದರಲ್ಲಿ 256 ಗ್ರಹಗಳು. ಎರಡು ಸಾವಿರಕ್ಕೂ ಮೇಲ್ಪಟ್ಟ ಈ ಲೋಕಗಳ ಹೆಸರುಗಳನ್ನು ಬರೆದಿಡಲು ಯಂತ್ರದಲ್ಲಿ ಜಾಗವೇ ಇರಲಿಲ್ಲ. ಅವರು ಎರಡೆರಡು ಅಕ್ಷರಗಳ ಸುಮಾರು ಮೂವತ್ತು ತುಣುಕುಗಳನ್ನೂ, ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆಯನ್ನು ಪಡೆಯುವ ಒಂದು ಸೂತ್ರವನ್ನೂ ಮಾತ್ರ ಇಟ್ಟರು. ಹೆಸರುಗಳು ಬೇಕಾದಾಗ ಸೂತ್ರದಿಂದ ಉದುರಿದವು. ಹೀಗೆ ಉದುರಿದ ಒಂದು ಹೆಸರು ಬಾಯಲ್ಲಿ ಹೇಳಬಾರದ ಮಾತಾಗಿದ್ದುದರಿಂದ ಇಡೀ ಒಂದು ಆಕಾಶಗಂಗೆಯನ್ನೇ ಕೈಬಿಡಬೇಕಾಯಿತಂತೆ! ಲಘುಗುರುಗಳೆರಡನ್ನೇ ಇಟ್ಟುಕೊಂಡು ವೃತ್ತಜಾತಿಗಳನ್ನೆಲ್ಲ ಹರಡಿ ತೋರಿಸುವ ಪ್ರಸ್ತಾರವನ್ನು ಕರಿಹಲಗೆಯ ಮೇಲೆ ಬಿಡಿಸಿದವರಿಗೆ ಈ ಯುಕ್ತಿ ಹೊಸದಲ್ಲ.

ಈ ಯಂತ್ರಗಳು ನಮ್ಮ ದೇಶಕ್ಕೂ ಬಂದವು. 1984–85ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಮೊದಲ ಸುತ್ತಿಗೆ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋಗಳನ್ನು ಕೊಟ್ಟಿತು. ಸ್ಪೆಕ್ಟ್ರಮ್ಮನ್ನು ಡೆಸಿಬೆಲ್ಸ್ ಎಂಬ ಭಾರತೀಯ ಕಂಪನಿ ಆ ದಶಕದ ಉತ್ತರಾರ್ಧದಲ್ಲಿ ಪರವಾನಗಿ ಪಡೆದು ‘ಡಿಬಿ ಸ್ಪೆಕ್ಟ್ರಮ್’ ಎಂಬ ಹೆಸರಿನಲ್ಲಿ ಮಾರಿತು.

ನಾನು 1987ರಲ್ಲಿ ನಾಗಮಂಗಲದಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಪಿ.ಯು.ಸಿ. ಓದುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬನಿಗೆ ಅವನ ಸೋದರಮಾವ ಬೆಂಗಳೂರಿನಿಂದ ಇಂಥದೊಂದು ಯಂತ್ರವನ್ನು ತಂದುಕೊಟ್ಟಿದ್ದರು. ಜೊತೆಗೆ ಬಂದ ಆಟಗಳ ಕ್ಯಾಸೆಟ್ಟುಗಳು ಎರಡೇ ತಿಂಗಳಲ್ಲಿ ಹಳಸಿದವು. ಹೊಸವನ್ನು ಕೊಳ್ಳಲು ಅಲ್ಲಿ ಅಂಗಡಿಯಿಲ್ಲ. ಹೀಗಾಗಿ ಅವನು ತಾನೇ ಆಟ ಬರೆಯಲು ಕುಳಿತ. ಊರ ಮುಂದಿನ ಮಂಟಪದ ಕಲ್ಲುಹಾಸಿನ ಮೇಲೆ ಕೊರೆದಿದ್ದ ಹುಲಿ-ಕುರಿ ಆಟವನ್ನೇ ಆರಿಸಿಕೊಂಡ. ಭಾನುವಾರ ಬೆಳಿಗ್ಗೆ ಟಿ.ವಿ.ಯಲ್ಲಿ ರಾಮಾಯಣ ಮುಗಿಯುವ ತನಕ ಗಣಕಕ್ಕೆ ಪರದೆ ಸಿಗುತ್ತಿರಲಿಲ್ಲ. ಕರೆಂಟು ಹೋದರೆ ಅಷ್ಟು ಹೊತ್ತು ಬರೆದದ್ದೆಲ್ಲ ಮಾಯ.

ಅವನು ನನ್ನಲ್ಲಿಗೆ ಬಂದದ್ದು ಅಕ್ಷರದ ತೊಡಕಿನಿಂದ. ಸ್ಪೆಕ್ಟ್ರಮ್ಮಿನಲ್ಲಿ ನಮ್ಮದೇ ಆಕಾರಗಳನ್ನು ಮಾಡಿಕೊಳ್ಳಲು ಇಪ್ಪತ್ತೊಂದು ಸ್ಥಾನಗಳಿದ್ದವು. ಒಂದೊಂದು ಆಕಾರವನ್ನೂ ಎಂಟು ಅಡ್ಡ ಎಂಟು ಉದ್ದದ ಚೌಕದಲ್ಲಿ, ಅಂದರೆ ಅರವತ್ತನಾಲ್ಕು ಮನೆಗಳಲ್ಲಿ, ಚುಕ್ಕೆಯಿಟ್ಟು ಬಿಡಿಸಬೇಕು. ಅದರಲ್ಲಿ ‘ಹುಲಿ’ ಎಂದು ಬರೆಯುವುದು ಹೇಗೆ? ಗ್ರಾಫ್ ಕಾಗದದ ಮೇಲೆ ಇಬ್ಬರೂ ಬಹಳ ಹೆಣಗಿದೆವು. ‘ಕ’ ಹೇಗೋ ಕುಳಿತುಕೊಂಡಿತು. ಕೊಂಬು ಕೊಟ್ಟೊಡನೆ ಪಕ್ಕದ ಮನೆಗೆ ಚಾಚಿತು. ಒತ್ತಕ್ಷರವಂತೂ ಕನಸಿನ ಮಾತು. ಕೊನೆಗೆ ಹುಲಿಗೆ ಪಟ್ಟೆ, ಕುರಿಗೆ ನಾಲ್ಕು ಕಾಲು ಎಂದು ಚಿತ್ರಕ್ಕೆ ಇಳಿದೆವು. ಆ ಅರವತ್ತನಾಲ್ಕು ಮನೆಗಳನ್ನು ನೋಡುತ್ತಿದ್ದಾಗ ನನಗೆ ನೆನಪಾದದ್ದು ಬೇರೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟ ಚಿತ್ರಕಾವ್ಯದಲ್ಲಿ ತುರಗಪದವೆಂಬ ಬಂಧವನ್ನು ಹೇಳುತ್ತಾನೆ. ಚದುರಂಗದ ಕುದುರೆಯ ನಡೆಯಲ್ಲಿ ಅಕ್ಷರಗಳನ್ನು ಹಿಡಿದು ಹೋದರೂ ಪದ್ಯವಾಗಬೇಕು, ಸಾಲಾಗಿ ಓದಿದರೂ ಆಗಬೇಕು. ವೇದಾಂತದೇಶಿಕರ ‘ಪಾದುಕಾಸಹಸ್ರ’ದಲ್ಲಿಯೂ ಇಂಥ ಬಂಧವಿದೆ. ಮುಂದೆ ಪಾಂಡವಪುರಕ್ಕೆ ವರ್ಗವಾದಾಗ, ಆ ತಾಲ್ಲೂಕಿಗೇ ಸೇರಿದ ಮೇಲುಕೋಟೆಯಲ್ಲಿ ವೃದ್ಧ ವಿದ್ವಾಂಸರೊಬ್ಬರು ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು ಆ ಕುದುರೆಯನ್ನು ನನಗೆ ಓಡಿಸಿ ತೋರಿಸಿದರು. ಅದೇ ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತು ಸಂಸ್ಕೃತ ವ್ಯಾಕರಣವನ್ನು ಗಣಕಕ್ಕೆ ಹೊಂದಿಸುವ ಕೆಲಸ ಮಾಡಿದ್ದನ್ನು ಬಲ್ಲವರು ಬಲ್ಲರು.

ಕುದುರೆಯ ಮಾತು ಬಂದಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಬಿಡುವಂತಿಲ್ಲ. ಅವರು ಹುಟ್ಟಿದ್ದು 1794ರಲ್ಲಿ, ಶ್ರೀರಂಗಪಟ್ಟಣದಲ್ಲಿ. 1831ರಲ್ಲಿ ಆಡಳಿತ ಅವರ ಕೈಯಿಂದ ಬ್ರಿಟಿಷರ ಕೈಗೆ ಹೋಯಿತು. ರಾಜ್ಯದ ಕಾಯಿಗಳನ್ನು ನಡೆಸುವ ಅಧಿಕಾರ ತಪ್ಪಿದ ದೊರೆ ಮಣೆಯ ಕಾಯಿಗಳತ್ತ ತಿರುಗಿದರು ಎನ್ನುವುದು ಸುಲಭದ ಮಾತಾದೀತು. ಆದರೆ ಅವರು ಮಾಡಿದ ಕೆಲಸ ವಿನೋದಕ್ಕಿಂತ ದೊಡ್ಡದು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಹೊಸ ಮಣೆಗಳನ್ನು, ಹೊಸ ಎಲೆಯಾಟಗಳನ್ನು ಕಲ್ಪಿಸಿದರು. ಎಲ್ಲ ಮನೆಗಳನ್ನೂ ಒಂದೊಂದು ಸಲ ಮಾತ್ರ ತುಳಿಯುವ ಕುದುರೆನಡೆಗಳನ್ನು ರಚಿಸಿದರು. ಹೀಗೆ ನಡೆದ ಕುದುರೆಯ ಹೆಜ್ಜೆಗಳಿಗೆ ಒಂದರಿಂದ ಅರವತ್ತನಾಲ್ಕರ ತನಕ ಅಂಕೆಯಿಟ್ಟರೆ ಅಡ್ಡಸಾಲು, ಕಂಬಸಾಲು, ಎರಡು ಮೂಲೆಗೆರೆಗಳು ಎಲ್ಲದರ ಮೊತ್ತವೂ ಒಂದೇ ಆಗುವುದುಂಟೇ ಎಂಬುದು ಆ ಶತಮಾನದ ದೊಡ್ಡ ಒಗಟು. ಉತ್ತರ ಬಂದದ್ದು 2003ರ ಆಗಸ್ಟಿನಲ್ಲಿ, ಅರವತ್ತೊಂದು ದಿನಗಳಿಗೆ ಸಮನಾದ ಗಣಕದ ದುಡಿಮೆಯ ಮೇಲೆ: ಮೂಲೆಗೆರೆಗಳೂ ಕೂಡಿಬರುವ ನಡೆ ಒಂದೂ ಇಲ್ಲ. ಚದುರಂಗವನ್ನು ಆಡಲು ದೊಡ್ಡ ಯಂತ್ರವೇ ಬೇಕೆಂದೇನೂ ಇಲ್ಲ. ಸ್ಪೆಕ್ಟ್ರಮ್ಮಿನ ಅಣ್ಣನಾದ ಝಡ್‌ಎಕ್ಸ್81ರಲ್ಲಿ ಡೇವಿಡ್ ಹಾರ್ನ್ ಎಂಬಾತ ಕೇವಲ 672 ಬೈಟುಗಳಲ್ಲಿ ಚದುರಂಗವನ್ನು ಹಿಡಿಸಿದ್ದ.

ನಮ್ಮ ಹುಡುಗನ ಹುಲಿಗೆ ಹಿಂತಿರುಗುತ್ತೇನೆ. ಚಿತ್ರ ಮುಗಿಯಿತು, ಆಟದ ಕಟ್ಟಳೆಯಲ್ಲಿ ತೊಡಕು ಹುಟ್ಟಿತು. ಮೂರು ಹುಲಿ, ಹದಿನೈದು ಕುರಿ, ಇಪ್ಪತ್ತಮೂರು ಸಂಧಿಗಳ ಮುಕ್ಕೋಣದ ಮಣೆ. ಹುಲಿ ಕುರಿಯ ಮೇಲೆ ಹಾರಿ ಅದನ್ನು ತಿನ್ನುತ್ತದೆ, ಕುರಿಗಳು ಹುಲಿಯನ್ನು ಕಟ್ಟುತ್ತವೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಒಂದೇ ನಡೆಯಲ್ಲಿ ಹುಲಿ ಎರಡು ಕುರಿಗಳನ್ನು ತಿನ್ನಬಹುದೆ? ತಿನ್ನುವ ಅವಕಾಶವಿದ್ದಾಗ ತಿನ್ನಲೇಬೇಕೆ? ಎಲ್ಲ ಕುರಿಗಳನ್ನೂ ಇಡುವ ಮೊದಲು ಇಟ್ಟ ಕುರಿ ನಡೆಯಬಹುದೆ? ಎಷ್ಟು ಕುರಿ ಸತ್ತರೆ ಆಟ ಮುಗಿಯಿತು? ಜಗಲಿಯ ಮೇಲೆ ಆಡುವಾಗ ಇಂಥ ಪ್ರಶ್ನೆ ಬಂದರೆ ಜಗಳವಾಡಿ ತೀರಿಸಿಕೊಳ್ಳುತ್ತೇವೆ. ಯಂತ್ರಕ್ಕೆ ‘ಸಾಮಾನ್ಯವಾಗಿ’ ಎಂಬ ಮಾತು ತಿಳಿಯದು. ಅದಕ್ಕೆ ಹೌದು ಅಥವಾ ಇಲ್ಲ ಎನ್ನಬೇಕು. ನಿಘಂಟಿನ ಕೆಲಸ ಬಲ್ಲವರಿಗೆ ಈ ಸಂಕಟ ಗೊತ್ತು. ಆಡುವಾಗ ತೊಡಕಿಲ್ಲದ ಶಬ್ದ ಅರ್ಥ ಬರೆಯಹೊರಟಾಗ ಕೈಗೆ ಸಿಗದು.

ಹೀಗೆ ಕಟ್ಟಳೆಗಳನ್ನು ಕೇಳಿ ಬರೆದುಕೊಳ್ಳುವ ಚಟ ನನಗೆ ಹತ್ತಿತು. ಮುಂದೆ ವರ್ಗವಾದಲ್ಲೆಲ್ಲ ಅದು ಹಿಂಬಾಲಿಸಿತು. ಶ್ರೀರಂಗಪಟ್ಟಣದಲ್ಲಿ ಚೌಕಾಬಾರ ಆಡುವ ಹೆಂಗಸರಿಂದ ಮಾತುಗಳನ್ನು ಕೂಡಿಸಿದೆ: ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ, ಎರಡು ಕಾಯಿ ಒಂದಾದರೆ ಗಟ್ಟಿ, ಕಾಯಿ ನಡುಮನೆ ಸೇರಿದರೆ ಹಣ್ಣು. ಕಾಯಿ ಹಣ್ಣಾಗುವುದೆಂಬ ಈ ಮಾತಿನಲ್ಲಿರುವ ರೂಪಕವನ್ನು ಯಾವ ಆಲಂಕಾರಿಕನೂ ಹುಡುಕಿ ಇಟ್ಟದ್ದಲ್ಲ. ಅಳಿಗುಳಿ ಮಣೆಯ ಲೆಕ್ಕವನ್ನಂತೂ ನನಗಿಂತ ಬೇಗ ಮಾಡುತ್ತಿದ್ದ, ಸಹಿ ಹಾಕಲು ಬಾರದ ಹೆಂಗಸರನ್ನು ಕಂಡೆ.

ಹುಲಿಯ ವಿಷಯದಲ್ಲಿ ತೀರ್ಪು ಕೊಟ್ಟವರು ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಅಜ್ಜಿ, ಆ ಹುಡುಗನ ತಾಯಿಯ ಊರಿನವರು. ರಜೆಯಲ್ಲಿ ಇಬ್ಬರೂ ಹೋಗಿ ಕೇಳಿದೆವು. ಎರಡು ಕುರಿ ತಿನ್ನಬಹುದೇ ಅಜ್ಜಿ, ಒಂದೇ ತಿನ್ನಬೇಕೇ? ಅಜ್ಜಿ ಎಲೆಯಡಿಕೆ ಮೆಲ್ಲುತ್ತ ನಮ್ಮಿಬ್ಬರ ಮುಖವನ್ನೂ ನೋಡಿದರು. “ಅಯ್ಯೋ ಮೇಷ್ಟ್ರೇ, ಹಸ್ದಿದ್ರೆ ಎಲ್ಡ್ ತಿಂತದೆ, ಹೊಟ್ಟೆ ತುಂಬಿದ್ರೆ ಒಂದ್ ತಿಂತದೆ. ಅದುಕ್ಕೂ ಕಟ್ಲೆನಾ?” ಎಂದರು.

ನಾನು ಅದನ್ನು ಹಾಸ್ಯವೆಂದು ಬರೆದುಕೊಂಡೆ. ಹುಡುಗ ಹಾಗೆ ಬಿಡಲಿಲ್ಲ. ಸ್ಪೆಕ್ಟ್ರಮ್ಮಿನ ಕೀಲಿಗಳಲ್ಲಿ ಯದೃಚ್ಛೆಯಿಂದ ಒಂದು ಸಂಖ್ಯೆಯನ್ನು ಎತ್ತಿಕೊಡುವ ಆಜ್ಞೆಯೊಂದಿತ್ತು. ಕವಡೆ ಎಸೆದಂತೆ. ಅದನ್ನು ಅವನು ಹುಲಿಯ ಹಸಿವಾಗಿ ಮಾಡಿದ. ಅವನ ಆಟದಲ್ಲಿ ಹುಲಿ ಕೆಲವು ಸಲ ಹಸಿದಿರುತ್ತಿತ್ತು, ಕೆಲವು ಸಲ ಇಲ್ಲ. ಆಡುವವನಿಗೆ ಮೊದಲೇ ತಿಳಿಯುತ್ತಿರಲಿಲ್ಲ. ಬೇಸಿಕ್ ಭಾಷೆ ನಿಧಾನವಾದುದರಿಂದ ಹುಲಿ ಒಂದು ನಡೆಗೆ ಅರ್ಧ ನಿಮಿಷ ಯೋಚಿಸುತ್ತಿತ್ತು. ಆ ಅರ್ಧ ನಿಮಿಷ ನಾವೂ ಉಸಿರು ಹಿಡಿದು ಕಾಯುತ್ತಿದ್ದೆವು.

ಇಂಗ್ಲೆಂಡಿನ ಆ ಆಟಗಳು ಇಂದಿಗೂ ಉಳಿದಿವೆ. ಯಂತ್ರದ ಹಕ್ಕು 1986ರಲ್ಲಿ ಆಮ್‌ಸ್ಟ್ರಾಡ್ ಕಂಪನಿಗೆ ಹೋಯಿತು. ಆ ಕಂಪನಿ 1999ರಲ್ಲಿ ಯಂತ್ರದ ಮೂಲ ತಂತ್ರಾಂಶವನ್ನು ಹವ್ಯಾಸಿಗಳು ಹಂಚಿಕೊಳ್ಳಲು ಅನುಮತಿ ಕೊಟ್ಟಿತು. ಇಂದಿನ ಗಣಕವೇ ಹಳೆಯ ಸ್ಪೆಕ್ಟ್ರಮ್ಮಿನ ವೇಷ ಹಾಕುವ ತಂತ್ರಾಂಶಗಳು ಬಂದವು. ಅಟ್ಟದಲ್ಲಿ ಬಿದ್ದಿದ್ದ ಒಂದೊಂದು ಕ್ಯಾಸೆಟ್ಟನ್ನೂ ಹುಡುಕಿ, ಕಿರಚಾಟವನ್ನು ಅಂಕೆಗಳಾಗಿ ಇಳಿಸಿ, ಕರ್ತೃವಿನ ಹೆಸರು ಬರೆದಿಟ್ಟವರ ಶ್ರದ್ಧೆ ಓಲೆಗರಿ ಸಂಪಾದಕರ ಶ್ರದ್ಧೆಗೆ ಕಡಮೆಯದಲ್ಲ. ಕ್ಲೈವ್ ಸಿಂಕ್ಲೇರ್ 2021ರಲ್ಲಿ ತೀರಿಕೊಂಡರು. 2024ರ ನವೆಂಬರಿನಲ್ಲಿ ರಬ್ಬರು ಕೀಲಿಗಳ ಅದೇ ರೂಪದ ಯಂತ್ರ ಮತ್ತೆ ಮಾರುಕಟ್ಟೆಗೆ ಬಂತು, ಒಳಗೆ ಆಟಗಳನ್ನು ತುಂಬಿಕೊಂಡೇ.

ನಾಗಮಂಗಲದ ಹುಲಿಗೆ ಇದ್ದದ್ದು ಒಂದೇ ಕ್ಯಾಸೆಟ್ಟು. ಮನೆಯಲ್ಲಿ ಯಾರದೋ ಮದುವೆಗೆ ಸೋಬಾನೆ ಹಾಡುವವರು ಬಂದಾಗ ಖಾಲಿ ಕ್ಯಾಸೆಟ್ಟು ಸಿಗದೆ ಅದರ ಮೇಲೆಯೇ ಹಾಡುಗಳನ್ನು ಹಿಡಿದುಕೊಂಡರು. ಹಾಡಿದ ಹೆಂಗಸರಲ್ಲಿ ಇಂದು ಯಾರೂ ಇಲ್ಲ. ಆ ಪದಗಳು ಬೇರೆಲ್ಲಿಯೂ ದಾಖಲಾಗಿಲ್ಲ. ಹೀಗಾಗಿ ದೂರುವುದಕ್ಕೂ ಬಾಯಿಲ್ಲ. ಕೊನೆಯ ಪದ ಮುಗಿದಮೇಲೆ ಟೇಪಿನ ತುದಿಯಲ್ಲಿ ಇಪ್ಪತ್ತು ಸೆಕೆಂಡುಗಳಷ್ಟು ಹಳೆಯ ಕಿರಚಾಟ ಉಳಿದಿದೆ. ಯಂತ್ರಕ್ಕೆ ಉಣಿಸಲು ಅದು ಸಾಲದು.

ಆ ಹುಡುಗ ಈಗ ಐವತ್ತು ದಾಟಿದ ಗೃಹಸ್ಥ. ಈಚೆಗೆ ಫೋನು ಮಾಡಿ, ಆಟವನ್ನು ಹೊಸದಾಗಿ ಬರೆಯಲು ತೊಡಗಿದ್ದೇನೆ, ನಿಮ್ಮ ಆ ಕಟ್ಟಳೆಯ ಪುಸ್ತಕ ಇದೆಯೇ ಸಾರ್ ಎಂದು ಕೇಳಿದ. ಇದೆ, ಓದುತ್ತೇನೆ ಬರೆದುಕೋ ಎಂದೆ. ಮಣೆ, ಕುರಿಗಳ ಲೆಕ್ಕ, ಇಡುವ ಕ್ರಮ, ಸೋಲುಗೆಲವು ಎಲ್ಲ ಮುಗಿಯಿತು. ಕೊನೆಗೆ, “ಹುಲಿಯ ಹಸಿವನ್ನು ಏನು ಮಾಡಲಿ ಸಾರ್?” ಎಂದ. ಈಗಿನ ಯಂತ್ರಗಳಿಗೆ ಜಾಗದ ಕೊರತೆಯಿಲ್ಲ, ಹುಲಿ ಎಷ್ಟು ತಿಂದಿತ್ತು, ಯಾವಾಗ ತಿಂದಿತ್ತು ಎಂದು ಲೆಕ್ಕವಿಟ್ಟು ಹಸಿವನ್ನು ಕರಾರುವಾಕ್ಕಾಗಿ ಬರೆಯಬಹುದಂತೆ.

ಬೇಡ, ಅಜ್ಜಿ ಹೇಳಿದ ಹಾಗೆಯೇ ಇರಲಿ ಎಂದೆ.